ಕ್ರೈಸ್ತ ಸೇವಕರ ಸ್ವ-ಆರೈಕೆ

ಕ್ರೈಸ್ತ ಸೇವಕರ ಸ್ವ-ಆರೈಕೆ ಎಂದರೆ ಪಾದ್ರಿಗಳು, ಸಭಾಪಾಲಕರು, ಮಿಷನರಿಗಳು ಹಾಗೂ ಸಭೆಯ ಇತರ ಸೇವಕರು ತಮ್ಮ ದೈಹಿಕ, ಮಾನಸಿಕ ಮತ್ತು ಆಧ್ಯಾತ್ಮಿಕ ಸ್ವಾಸ್ಥ್ಯವನ್ನು ಕಾಪಾಡಿಕೊಳ್ಳಲು ಅನುಸರಿಸುವ ಕ್ರಮಗಳು. ವಾರದ ವಿಶ್ರಾಂತಿ, ವಾರ್ಷಿಕ ರಜೆ, ಧ್ಯಾನಕೂಟ, ವೈದ್ಯಕೀಯ ತಪಾಸಣೆ, ಆಪ್ತಸಮಾಲೋಚನೆ ಮತ್ತು ಕೆಲಸದ ಹಂಚಿಕೆ ಇವುಗಳಲ್ಲಿ ಮುಖ್ಯವಾದವು. ಕ್ರೈಸ್ತ ಪರಂಪರೆಯ ಅನೇಕ ಲೇಖಕರು ಇದನ್ನು ಸೇವೆಯ ಭಾಗವೆಂದೇ ಪರಿಗಣಿಸಿದ್ದಾರೆ.

ಹಿನ್ನೆಲೆ

ಸಭಾಪಾಲಕರ ಕೆಲಸಕ್ಕೆ ನಿಗದಿತ ವೇಳೆಯಿರುವುದಿಲ್ಲ. ಆರಾಧನೆ, ಪ್ರಸಂಗದ ಸಿದ್ಧತೆ, ರೋಗಿಗಳ ಭೇಟಿ, ಮದುವೆ, ಶವಸಂಸ್ಕಾರ ಮತ್ತು ಆಡಳಿತ ಒಬ್ಬರ ಮೇಲೆಯೇ ಬೀಳುವುದುಂಟು. ಇತರರಿಗೆ ಬಿಡುವಿರುವ ಭಾನುವಾರ ಮತ್ತು ಹಬ್ಬದ ದಿನಗಳೇ ಅವರಿಗೆ ಹೆಚ್ಚಿನ ದುಡಿಮೆಯ ದಿನಗಳು. ಇತರರ ದುಃಖವನ್ನು ಆಲಿಸುವ ಸೇವಕರು ತಮ್ಮ ದುಃಖವನ್ನು ಸಭೆಯವರೊಡನೆ ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಕರೆ ದೇವರದೆಂಬ ನಂಬಿಕೆಯಿಂದಾಗಿ ವಿಶ್ರಾಂತಿ ಪಡೆಯುವುದೇ ತಪ್ಪೆಂಬ ಅಳುಕು ಕೆಲವರಲ್ಲಿ ಮೂಡುತ್ತದೆ.

ಬೈಬಲ್‌ನಲ್ಲಿ

ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋನನು ಜವಾಬ್ದಾರಿಯನ್ನು ಹಂಚಿಕೊಡಲು ಸಲಹೆ ನೀಡುತ್ತಾನೆ. ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಬೇಸತ್ತು ಮರಣವನ್ನು ಬೇಡುತ್ತಾನೆ. ಅವನಿಗೆ ಮೊದಲು ದೊರೆಯುವುದು ಉಪದೇಶವಲ್ಲ, ನಿದ್ರೆ ಮತ್ತು ಆಹಾರ. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು, ಊಟಕ್ಕೂ ಬಿಡುವಿಲ್ಲದಿದ್ದ ಶಿಷ್ಯರನ್ನು ನಿರ್ಜನ ಸ್ಥಳದಲ್ಲಿ ದಣಿವಾರಿಸಿಕೊಳ್ಳಲು ಕರೆಯುತ್ತಾನೆ. ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯದಲ್ಲಿ ಪೌಲನು ಎಫೆಸದ ಹಿರಿಯರಿಗೆ ಮಂದೆಯ ಬಗ್ಗೆ ಮಾತ್ರವಲ್ಲದೆ ತಮ್ಮ ಬಗ್ಗೆಯೂ ಎಚ್ಚರವಾಗಿರಲು ಹೇಳುತ್ತಾನೆ.

ಚಾರಿತ್ರಿಕ ಬರಹಗಳು

ಸುಮಾರು 590ರಲ್ಲಿ ಪೋಪ್ ಒಂದನೆಯ ಗ್ರೆಗರಿ ರಚಿಸಿದ 'ರೆಗುಲಾ ಪಾಸ್ಟೊರಾಲಿಸ್' ಕೃತಿಯ ಕೊನೆಯ ಭಾಗವು ಬೋಧಕನು ತನ್ನೆಡೆಗೆ ಮರಳುವುದನ್ನು ಕುರಿತದ್ದು. 12ನೇ ಶತಮಾನದಲ್ಲಿ ಕ್ಲೇರ್‌ವೋದ ಬರ್ನಾರ್ಡ್, ತನ್ನ ಹಿಂದಿನ ಶಿಷ್ಯನಾಗಿದ್ದ ಪೋಪ್ ಮೂರನೆಯ ಯೂಜೀನ್‌ಗೆ ಬರೆದ 'ದೆ ಕಾನ್ಸಿಡೆರಾತಿಯೋನೆ'ಯಲ್ಲಿ, ಆಡಳಿತದ ಗದ್ದಲದಲ್ಲಿ ತನ್ನನ್ನೇ ಕಳೆದುಕೊಳ್ಳಬಾರದೆಂದು ಎಚ್ಚರಿಸಿದನು. ಇಂಗ್ಲೆಂಡಿನ ಪ್ಯೂರಿಟನ್ ರಿಚರ್ಡ್ ಬ್ಯಾಕ್‌ಸ್ಟರ್‌ನ 'ದಿ ರಿಫಾರ್ಮ್ಡ್ ಪಾಸ್ಟರ್' (1656) ಪೌಲನ ಮೇಲ್ಕಂಡ ಮಾತನ್ನೇ ಆಧರಿಸಿದೆ.

ಆಧುನಿಕ ಅಧ್ಯಯನಗಳು

ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಮತ್ತು ಮನಶ್ಶಾಸ್ತ್ರಜ್ಞ ವೇಯ್ನ್ ಓಟ್ಸ್ 1971ರಲ್ಲಿ ದುಡಿಮೆಯ ಚಟವನ್ನು ಕುರಿತು ಪುಸ್ತಕ ಪ್ರಕಟಿಸಿದರು. 'ವರ್ಕಹಾಲಿಕ್' ಎಂಬ ಪದವನ್ನು ಬಳಕೆಗೆ ತಂದವರು ಅವರೇ. ವೃತ್ತಿಜನ್ಯ ಬಳಲಿಕೆಯನ್ನು ಅಳೆಯಲು ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ರೂಪಿಸಿದ ಮಾಪನವು ಭಾವನಾತ್ಮಕ ಬಳಲಿಕೆ, ಜನರ ಬಗೆಗಿನ ನಿರ್ಲಿಪ್ತತೆ ಮತ್ತು ಸಾಧನೆಯ ಭಾವದ ಕುಸಿತ ಎಂಬ ಮೂರು ಅಂಶಗಳನ್ನು ಗುರುತಿಸುತ್ತದೆ.

ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಉತ್ತರ ಕೆರೊಲಿನಾದ ಯುನೈಟೆಡ್ ಮೆಥಡಿಸ್ಟ್ ಪಾದ್ರಿಗಳ ಆರೋಗ್ಯವನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಸ್ಥೂಲಕಾಯ, ಮಧುಮೇಹ ಮತ್ತು ಅಧಿಕ ರಕ್ತದೊತ್ತಡ ಆ ರಾಜ್ಯದ ಇತರರಿಗಿಂತ ಹೆಚ್ಚಾಗಿದ್ದವು. ಮುಂದೆ ನಡೆಸಿದ ಎರಡು ವರ್ಷಗಳ ಆರೋಗ್ಯ ಕಾರ್ಯಕ್ರಮದಿಂದ ದೈಹಿಕ ಆರೋಗ್ಯ ಸುಧಾರಿಸಿದರೂ, ಖಿನ್ನತೆ ಮತ್ತು ಒತ್ತಡದಲ್ಲಿ ಗಮನಾರ್ಹ ಇಳಿಕೆ ಕಂಡುಬರಲಿಲ್ಲ.

ಸಭೆಗಳ ನಿಯಮಗಳು

ಕ್ಯಾಥೋಲಿಕ್ ಧರ್ಮಸಭೆಯ 1983ರ ಕ್ಯಾನನ್ ಕಾನೂನು ಸಂಹಿತೆಯ 283ನೇ ನಿಯಮವು ಯಾಜಕವರ್ಗಕ್ಕೆ ಪ್ರತಿವರ್ಷ ಸಾಕಷ್ಟು ರಜೆಯ ಹಕ್ಕನ್ನು ನೀಡುತ್ತದೆ. 533ನೇ ನಿಯಮದಂತೆ ಧರ್ಮಕೇಂದ್ರದ ಗುರುಗಳು, ಗಂಭೀರ ಅಡ್ಡಿಯಿಲ್ಲದಿದ್ದರೆ, ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಪಡೆಯಬಹುದು. ವಾರ್ಷಿಕ ಧ್ಯಾನಕೂಟದ ದಿನಗಳು ಇದರಲ್ಲಿ ಸೇರುವುದಿಲ್ಲ. ಕರ್ನಾಟಕದ ಲ್ಯಾಟಿನ್ ವಿಧಿಯ ಧರ್ಮಪ್ರಾಂತ್ಯಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಕೆಲವು ಪ್ರೊಟೆಸ್ಟಂಟ್ ಸಭೆಗಳಲ್ಲಿ ಹಲವು ವರ್ಷಗಳ ಸೇವೆಯ ನಂತರ ದೀರ್ಘ ವಿರಾಮ ನೀಡುವ ರೂಢಿಯಿದೆ.

ಚರ್ಚೆ

ತನ್ನನ್ನು ನಿರಾಕರಿಸಿ ಶಿಲುಬೆಯನ್ನು ಹೊರಬೇಕೆಂಬ ಯೇಸುವಿನ ಬೋಧನೆಗೆ ಸ್ವ-ಆರೈಕೆ ವಿರುದ್ಧವಾಗಿದೆ ಎಂಬ ಆಕ್ಷೇಪವಿದೆ. ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ಇದಕ್ಕೆ ಉತ್ತರವಾಗಿ ಮುಂದಿಡಲಾಗುತ್ತದೆ. ಸ್ವ-ಆರೈಕೆಯ ಉಪದೇಶವು ವ್ಯವಸ್ಥೆಯ ಹೊಣೆಯನ್ನು ವ್ಯಕ್ತಿಯ ಮೇಲೆ ಹೊರಿಸುತ್ತದೆ ಎಂಬುದು ಇನ್ನೊಂದು ಟೀಕೆ. ಹಲವು ಸಭೆಗಳನ್ನು ಒಬ್ಬರೇ ನೋಡಿಕೊಳ್ಳುವಲ್ಲಿ, ಬದಲಿ ಸೇವಕರಿಲ್ಲದೆ ರಜೆಯ ನಿಯಮವು ಕಾಗದದಲ್ಲಿಯೇ ಉಳಿಯುತ್ತದೆ. ಮ್ಯಾಸ್ಲಾಕ್ ಅವರೂ ಬಳಲಿಕೆಯ ಮೂಲವನ್ನು ವ್ಯಕ್ತಿಯ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಕೆಲಸದ ಹೊರೆ, ನ್ಯಾಯ, ಸಹೋದ್ಯೋಗಿಗಳ ಬೆಂಬಲ ಮುಂತಾದ ಸನ್ನಿವೇಶಗಳಲ್ಲಿ ಗುರುತಿಸಿದ್ದಾರೆ.