‘ನೀಸ್’ ಎಂದರೆ ಮೊಮ್ಮಗಳು: ಮನೆತನದ ಚರಿತ್ರೆಯಲ್ಲಿ ಇಂಗ್ಲಿಷ್ ವ್ಯಾಕರಣಶುದ್ಧಿಯ ಪ್ರಶ್ನೆ

ವಿಲಿಯಂ ಷೇಕ್ಸ್‌ಪಿಯರನ ಉಯಿಲು 1616ರ ಮಾರ್ಚ್ 25ರ ದಿನಾಂಕವನ್ನು ಹೊತ್ತಿದೆ. ಅದರಲ್ಲಿ ಎಲಿಜಬೆತ್ ಹಾಲ್ ಎಂಬ ಬಾಲಕಿಯನ್ನು ಆತ ತನ್ನ ‘ನೀಸ್’ ಎಂದು ಕರೆದಿದ್ದಾನೆ. ಇಂದಿನ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಸೋದರನ ಅಥವಾ ಸೋದರಿಯ ಮಗಳೆಂದು ಅರ್ಥ. ಎಲಿಜಬೆತ್ ಆದರೋ ಷೇಕ್ಸ್‌ಪಿಯರನ ಹಿರಿಯ ಮಗಳಾದ ಸುಸಾನಳ ಮಗಳು, ಎಂದರೆ ಆತನ ಸ್ವಂತ ಮೊಮ್ಮಗಳು. ಈ ಮನೆತನದ ವಿಷಯದಲ್ಲಿ ಬೇರೆ ದಾಖಲೆಗಳು ಹೇರಳವಾಗಿರುವುದರಿಂದ ಯಾರೂ ದಾರಿ ತಪ್ಪುವುದಿಲ್ಲ. ಉಯಿಲೊಂದೇ ಉಳಿದಿದ್ದ ಪಕ್ಷದಲ್ಲಿ ವಂಶಾವಳಿಯ ಒಂದು ಕೊಂಬೆ ತಪ್ಪು ಜಾಗದಲ್ಲಿ ಚಿಗುರುತ್ತಿತ್ತು.

ಇಂಗ್ಲಿಷಿನಲ್ಲಿ ಮನೆತನದ ಚರಿತ್ರೆಯನ್ನು ಬರೆಯಹೊರಟವರಿಗೆ ಸಾಮಾನ್ಯವಾಗಿ ಸಿಗುವ ಉಪದೇಶ ವ್ಯಾಕರಣಶುದ್ಧವಾಗಿ ಬರೆಯಿರಿ ಎಂಬುದು. ಉಪದೇಶದಲ್ಲಿ ತಪ್ಪಿಲ್ಲ. ಆದರೆ ಇಂತಹ ಬರಹದಲ್ಲಿ ಎರಡು ಬಗೆಯ ವಾಕ್ಯಗಳಿರುತ್ತವೆ: ಪೂರ್ವಿಕರು ಅಥವಾ ಅವರ ಲಿಪಿಕಾರರು ಬರೆದವು, ಮತ್ತು ನಾವು ಬರೆಯುವವು. ಮೊದಲನೆಯದಕ್ಕೆ ಇಂದಿನ ಶುದ್ಧಿಯನ್ನು ಹೇರಿದರೆ ಸಾಕ್ಷ್ಯವೇ ಬದಲಾಗುತ್ತದೆ ಎಂಬುದನ್ನೂ, ಎರಡನೆಯದರಲ್ಲಿ ನಿಜವಾದ ಅಶುದ್ಧಿ ಸಾಮಾನ್ಯ ವ್ಯಾಕರಣ ಪುಸ್ತಕಗಳು ಗಮನಿಸದ ಕಡೆಯಲ್ಲಿದೆ ಎಂಬುದನ್ನೂ ಇಲ್ಲಿ ತೋರಿಸಬಯಸುತ್ತೇವೆ.

‘ನೀಸ್’ ಲ್ಯಾಟಿನ್ನಿನ ‘ನೆಪ್ಟಿಸ್’ ಎಂಬುದರಿಂದ ಫ್ರೆಂಚಿನ ಮೂಲಕ ಬಂದುದು. ‘ನೆವ್ಯೂ’ ಎಂಬುದರ ಮೂಲ ‘ನೆಪೋಸ್’. ಎರಡಕ್ಕೂ ಹಳೆಯ ಅರ್ಥ ಮೊಮ್ಮಗಳು, ಮೊಮ್ಮಗ ಎಂದೇ. ಸಂಸ್ಕೃತದ ‘ನಪ್ತೃ’ ಇವುಗಳ ಜ್ಞಾತಿಶಬ್ದವೆಂಬುದು ವಾಚಕರಿಗೆ ತಿಳಿದದ್ದೇ. ‘ಇನ್-ಲಾ’ ಎಂಬ ಉತ್ತರಪದದ ಕಥೆಯೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಅದು ವಿವಾಹಸಂಬಂಧವನ್ನಷ್ಟೇ ಅಲ್ಲದೆ ಮಲಸಂಬಂಧವನ್ನೂ ಸೂಚಿಸುತ್ತಿತ್ತು. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಸ್ಯಾಮ್ ವೆಲ್ಲರ್ ‘ಮದರ್-ಇನ್-ಲಾ’ ಎನ್ನುವುದು ತನ್ನ ಮಲತಾಯಿಗೆ. ಅವನಿಗೆ ಆಗ ಮದುವೆಯೇ ಆಗಿಲ್ಲ. ‘ಅಳಿಯ’ ಎಂಬ ಒಂದೇ ಶಬ್ದ ಮಗಳ ಗಂಡನಿಗೂ ಸೋದರಿಯ ಮಗನಿಗೂ ಸಲ್ಲುವ ನಮ್ಮಲ್ಲಿ ಇದು ಅಚ್ಚರಿ ಹುಟ್ಟಿಸಬಾರದು. ನಮ್ಮಲ್ಲಿ ಆ ಎರಡರ್ಥಗಳನ್ನು ಕೂಡಿಸಿದ್ದು ಸೋದರಿಕೆಯ ಮದುವೆ. ಇಂಗ್ಲಿಷಿನಲ್ಲಿ ಅಂತಹ ಕಾರಣವಿಲ್ಲ, ಎರಡೂ ಮದುವೆಯಿಂದ ಒದಗಿದ ನಂಟುಗಳು ಎಂಬುದಷ್ಟೇ.

ಅದೇ ಉಯಿಲಿನಲ್ಲಿ ಇನ್ನೊಂದು ಸ್ಥಳವಿದೆ. ಲಿಪಿಕಾರ ‘ನನ್ನ ಅಳಿಯ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಬರೆಯತೊಡಗಿ, ಪದ ಮುಗಿಯುವ ಮುನ್ನವೇ ಅದನ್ನು ಹೊಡೆದುಹಾಕಿ ಮಗಳು ಜೂಡಿತಳ ಹೆಸರನ್ನು ಸೇರಿಸಿದ್ದಾನೆ. ಜೂಡಿತ್ ತಾಮಸ್ ಕ್ವೀನಿಯನ್ನು ಮದುವೆಯಾದದ್ದು 1616ರ ಫೆಬ್ರವರಿಯಲ್ಲಿ. (ವರ್ಷವು ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದ ಆ ಕಾಲದ ಎಣಿಕೆಯಂತೆ ಅದು ಇನ್ನೂ 1615.) ಹೊಸ ಅಳಿಯನ ಮೇಲಿನ ಅವಿಶ್ವಾಸವನ್ನು ವಿದ್ವಾಂಸರು ಈ ಅಳಿಸುವಿಕೆಯಲ್ಲಿ ಓದಿದ್ದಾರೆ. ಓದು ಸರಿಯೋ ಅಲ್ಲವೋ, ವಾಕ್ಯವನ್ನು ಅಚ್ಚುಕಟ್ಟು ಮಾಡಿ ನಕಲಿಸಿದವನ ಪ್ರತಿಯಲ್ಲಿ ಅಂತಹ ಪ್ರಶ್ನೆಯೇ ಏಳುವುದಿಲ್ಲ.

ಇದಕ್ಕಿಂತ ಹೆಚ್ಚು ತೊಡಕಿನದು ಹಳೆಯ ಉಯಿಲುಗಳಲ್ಲಿ ಮತ್ತೆ ಮತ್ತೆ ಕಾಣುವ ‘ಮೈ ನೌ ವೈಫ್’ ಎಂಬ ಪದಪುಂಜ. ಇಂದಿನ ಬಳಕೆಯಲ್ಲಿ ‘ನೌ’ ಬಹುಮಟ್ಟಿಗೆ ಕ್ರಿಯಾವಿಶೇಷಣ; ನಾಮಪದದ ಹಿಂದೆ ವಿಶೇಷಣವಾಗಿ ನಿಲ್ಲುವುದು ಅಪರೂಪ. ಅದರ ಜೊತೆಗಾರ ‘ದೆನ್’ ಮಾತ್ರ ‘ದ ದೆನ್ ಗವರ್ನರ್’ ಮುಂತಾದೆಡೆ ಆ ಸ್ಥಾನವನ್ನು ಉಳಿಸಿಕೊಂಡಿದೆ. ಹೀಗಾಗಿ ಇಂದಿನ ಓದುಗನು ‘ನೌ ವೈಫ್’ ಎಂಬುದನ್ನು ಕಂಡೊಡನೆ ‘ಹಿಂದೊಬ್ಬಳಿದ್ದಳು’ ಎಂದು ಊಹಿಸುತ್ತಾನೆ. ವಂಶಾವಳಿಯಲ್ಲಿ ಹೆಸರಿಲ್ಲದ ಮೊದಲ ಹೆಂಡತಿಯೊಬ್ಬಳು ಹುಟ್ಟಿಕೊಳ್ಳುತ್ತಾಳೆ, ಹಿರಿಯ ಮಕ್ಕಳು ಆಕೆಯ ಪಾಲಾಗುತ್ತಾರೆ. ಲಿಪಿಕಾರನ ದೃಷ್ಟಿ ಹಿಂದಕ್ಕಲ್ಲ, ಮುಂದಕ್ಕೆ. ಉಯಿಲು ಜಾರಿಗೆ ಬರುವುದು ಮರಣಾನಂತರ. ನಡುವೆ ಈ ಹೆಂಡತಿ ತೀರಿಹೋಗಿ ಮತ್ತೊಬ್ಬಳು ಬಂದರೆ ಆಸ್ತಿ ಯಾರಿಗೆ? ಬರೆಯುವ ದಿನ ಹೆಂಡತಿಯಾಗಿರುವವಳಿಗೇ ಎಂಬುದನ್ನು ‘ನೌ’ ಗೊತ್ತುಪಡಿಸುತ್ತದೆ. ಮೊದಲ ಹೆಂಡತಿ ಇದ್ದಿರಲೂಬಹುದು. ಆದರೆ ಈ ಪದವೊಂದೇ ಅದಕ್ಕೆ ಸಾಕ್ಷ್ಯವಾಗದು. ಪದವನ್ನು ‘ಪ್ರೆಸೆಂಟ್’ ಎಂದು ತಿದ್ದಿದವರು ತಪ್ಪನ್ನು ಇನ್ನಷ್ಟು ಗಟ್ಟಿಮಾಡುತ್ತಾರೆ.

ತಪ್ಪೆನಿಸುವ ರೂಪಗಳು ಎಂದಿನಿಂದ ತಪ್ಪಾದವು ಎಂಬುದನ್ನೂ ಕೇಳಬೇಕು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಷಷ್ಠಿಯ ಅರ್ಥದಲ್ಲಿ ಹೆಸರಿನ ಮುಂದೆ ‘ಹಿಸ್’ ಸೇರಿಸಿ ‘ಜಾನ್ ಹಿಸ್ ಬುಕ್’ ಎಂಬಂತೆ ಬರೆಯುವ ರೂಢಿ ವ್ಯಾಪಕವಾಗಿತ್ತು. 1711ರಲ್ಲಿ ಅಡಿಸನ್ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ, ಷಷ್ಠಿಯ ಸಕಾರವು ಈ ‘ಹಿಸ್’ ಎಂಬುದರ ಸಂಕ್ಷೇಪವೆಂದೇ ನಂಬಿ ಬರೆದನು. 1755ರ ತನ್ನ ನಿಘಂಟಿನ ವ್ಯಾಕರಣಭಾಗದಲ್ಲಿ ಜಾನ್ಸನ್ ಅದನ್ನು ತಳ್ಳಿಹಾಕಿದನು: ಸ್ತ್ರೀವಾಚಕಗಳಿಗೂ ಇದೇ ಪ್ರತ್ಯಯ ಹತ್ತುವಾಗ ‘ಅವನ’ ಎಂಬ ಅರ್ಥ ಎಲ್ಲಿಂದ ಬರಬೇಕು? ಒಬ್ಬನನ್ನೇ ಉದ್ದೇಶಿಸುವಾಗ ‘ಯೂ ವಾಸ್’ ಎನ್ನುವುದು ಹದಿನೆಂಟನೆಯ ಶತಮಾನದ ವಿದ್ಯಾವಂತರ ಪತ್ರಗಳಲ್ಲಿ ಸಾಮಾನ್ಯ. ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಅದನ್ನು ಘೋರ ದೋಷವೆಂದು ಖಂಡಿಸಿದನು. 1795ರಲ್ಲಿ ಬಂದ ಲಿಂಡ್ಲೆ ಮರ್ರೆಯ ವ್ಯಾಕರಣವು ಇಂತಹ ನಿಯಮಗಳನ್ನು ಶಾಲೆಗಳಿಗೆ ಹರಡಿತು. ಲೌತನ ಖಾಸಗಿ ಪತ್ರಗಳ ಭಾಷೆ ಅವನ ನಿಯಮಗಳನ್ನು ಸದಾ ಪಾಲಿಸುವುದಿಲ್ಲವೆಂದು ಇಂಗ್ರಿಡ್ ಟೀಕೆನ್-ಬೂನ್ ವಾನ್ ಓಸ್ಟಾಡೆ ತೋರಿಸಿಕೊಟ್ಟಿದ್ದಾರೆ. 1740ರ ಪತ್ರವೊಂದರಲ್ಲಿ ‘ಯೂ ವಾಸ್’ ಕಂಡು ಮುತ್ತಜ್ಜ ಅನಕ್ಷರಸ್ಥಪ್ರಾಯನೆಂದು ಬರೆಯುವವರು, ಇನ್ನೂ ಹುಟ್ಟದಿದ್ದ ನಿಯಮದಿಂದ ಆತನನ್ನು ದಂಡಿಸುತ್ತಿದ್ದಾರೆ.

ದಾಖಲೆಯಲ್ಲಿ ತಪ್ಪೇ ಇರುವುದಿಲ್ಲವೆಂದು ಇದರ ಅರ್ಥವಲ್ಲ. 1582ರ ನವೆಂಬರ್ 27ರಂದು ವೂಸ್ಟರಿನ ಬಿಷಪ್ಪರ ದಾಖಲೆಪುಸ್ತಕದಲ್ಲಿ ಷೇಕ್ಸ್‌ಪಿಯರನ ವಧುವಿನ ಹೆಸರು ‘ಆನ್ ವೇಟ್ಲಿ’ ಎಂದಿದೆ. ಮರುದಿನದ ಮುಚ್ಚಳಿಕೆಯಲ್ಲಿ ‘ಆನ್ ಹ್ಯಾಥ್ವೆ’. ಮೊದಲನೆಯದು ಗುಮಾಸ್ತನ ಕೈತಪ್ಪೆಂದು ಬಹುಮಂದಿಯ ಮತ. ಕೆಲವರು ಮಾತ್ರ ಅದರಿಂದ ಕೈಬಿಟ್ಟ ಪ್ರೇಯಸಿಯೊಬ್ಬಳನ್ನು ಸೃಷ್ಟಿಸಿದರು. ತಪ್ಪನ್ನು ಏನು ಮಾಡಬೇಕೆಂಬುದಕ್ಕೆ ನಮ್ಮ ಶಾಸನಸಂಪಾದಕರ ರೂಢಿ ಸಾಕು: ಪಾಠದಲ್ಲಿ ಕಲ್ಲಿನ ಮೇಲಿದ್ದುದೇ ಇರಲಿ, ‘ಹೀಗೆ ಓದಿಕೊಳ್ಳಿ’ ಎಂಬುದು ಪಕ್ಕದಲ್ಲಿರಲಿ.

ಈಗ ನಮ್ಮದೇ ವಾಕ್ಯಗಳಿಗೆ ಬರೋಣ. ಸ್ಟ್ರಾಟ್‌ಫರ್ಡಿನ ಚರ್ಚಿನ ಪುಸ್ತಕವು 1564ರ ಏಪ್ರಿಲ್ 26ರಂದು ಷೇಕ್ಸ್‌ಪಿಯರನಿಗೆ ದೀಕ್ಷಾಸ್ನಾನವಾಯಿತೆಂದು ಹೇಳುತ್ತದೆ. 23ರಂದು ಹುಟ್ಟಿದನೆಂದು ಹೇಳುವುದು ಸಂಪ್ರದಾಯ. ‘ವಾಸ್ ಬಾರ್ನ್’ ಎಂದು ಬರೆದ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ದೋಷವಿರುವುದು ದಾಖಲೆಯ ಕ್ರಿಯಾಪದವನ್ನು ಬದಲಿಸಿದ್ದರಲ್ಲಿ. ಇನ್ನೂ ಹೆಚ್ಚು ಹಾನಿ ಮಾಡುವುದು ‘ವುಡ್ ಹ್ಯಾವ್’. ಆ ಕಾಲದ ಹೆಂಗಸರೆಲ್ಲ ಸಂತೆಗೆ ನಡೆದೇ ಹೋಗುತ್ತಿದ್ದರೆಂಬ ಸಾಮಾನ್ಯ ತಿಳಿವಳಿಕೆಯಿಂದ ‘ಷಿ ವುಡ್ ಹ್ಯಾವ್ ವಾಕ್ಟ್’ ಎಂದು ಒಬ್ಬಾಕೆಯ ಬಗ್ಗೆ ಬರೆಯುತ್ತಾರೆ. ‘ಮಸ್ಟ್ ಹ್ಯಾವ್’ ತಾನು ಅನುಮಾನವೆಂದು ಒಪ್ಪಿಕೊಳ್ಳುತ್ತದೆ, ‘ಮೇ ಹ್ಯಾವ್’ ಸಾಧ್ಯತೆಯೆಂದು. ‘ವುಡ್ ಹ್ಯಾವ್’ ಮಾತ್ರ ಊಹೆಗೆ ರೂಢಿಯ ವೇಷ ತೊಡಿಸುತ್ತದೆ. ನಾಲ್ಕು ಪುಟ ಕಳೆಯುವಷ್ಟರಲ್ಲಿ ಆಕೆ ನಿಜವಾಗಿ ನಡೆದಿರುತ್ತಾಳೆ.

ಪರದೇಶಗಳಲ್ಲಿ ನೆಲೆಸಿ, ಮಕ್ಕಳಿಗಾಗಿ ಮನೆತನದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದಿಡುತ್ತಿರುವ ಕನ್ನಡಿಗರಿಗೆ ಈ ತೊಡಕು ಇಮ್ಮಡಿ. ಕನ್ನಡದಲ್ಲಿ ‘ನಡೆದಿರಬೇಕು’, ‘ನಡೆದಿರಬಹುದು’ ಎಂಬವುಗಳ ಜೊತೆಗೆ ಕೇಳಿದ ಮಾತನ್ನು ಗುರುತಿಸುವ ‘ಅಂತೆ’ ಇದೆ. ‘ಅಜ್ಜನವರು ಪ್ಲೇಗಿನ ವರ್ಷ ಬೆಂಗಳೂರು ಬಿಟ್ಟರಂತೆ’ ಎಂಬ ವಾಕ್ಯವನ್ನು ನಿರ್ದುಷ್ಟ ಇಂಗ್ಲಿಷಿಗೆ ತಂದಾಗ ಗೌರವದ ಬಹುವಚನ ಹೋಗುತ್ತದೆ. ಅದು ಸಹಿಸಬಹುದಾದ ನಷ್ಟ. ‘ಅಂತೆ’ಯೂ ಹೋಗುತ್ತದೆ. ‘ಪ್ಲೇಗಿನ ವರ್ಷ’ವು 1898 ಆಗುತ್ತದೆ, ಪಿಡುಗು ಆಮೇಲೂ ಮರುಕಳಿಸಿತ್ತು ಎಂಬುದನ್ನು ಮರೆತು. ಪ್ರತಿ ವಾಕ್ಯಕ್ಕೂ ‘ಎಂದು ಅತ್ತೆ ಹೇಳುತ್ತಿದ್ದರು’ ಎಂಬರ್ಥದ ಉಪವಾಕ್ಯವನ್ನು ಸೇರಿಸಿದರೆ, ಕರಡನ್ನು ತಿದ್ದುವವರು ಪುನರುಕ್ತಿದೋಷವೆಂದು ಅದನ್ನು ಕತ್ತರಿಸುತ್ತಾರೆ. ಕನ್ನಡದಲ್ಲಿ ಎರಡಕ್ಷರದ ಪ್ರತ್ಯಯ ಮಾಡುವ ಕೆಲಸವನ್ನೇ ಆ ಉಪವಾಕ್ಯ ಮಾಡುತ್ತಿದೆ. ಅದನ್ನು ಕತ್ತರಿಸಿದ ಮೇಲೆ ಅಜ್ಜನವರು ಬೆಂಗಳೂರು ಬಿಟ್ಟದ್ದನ್ನು ಕಂಡವರು ಯಾರು, ಹೇಳಿದವರು ಯಾರು ಎಂದು ಮೊಮ್ಮಕ್ಕಳು ಕೇಳಿದರೆ, ಪುಸ್ತಕದಲ್ಲಿ ಉತ್ತರವಿರುವುದಿಲ್ಲ.