ಬರಿಗೊರಸಿನ ಕುದುರೆ: ಹಸಿ ನೆಲದಲ್ಲಿ ಗೊರಸಿನ ಪಾಲನೆ

ಲಾಳ ಹೊಡೆಯದೆ ಸಾಕುವ ಕುದುರೆಯ ಗೊರಸನ್ನು ಮಳೆ, ಕೆಸರು, ನೆರೆನೀರಿನ ನಡುವೆಯೂ ಗಟ್ಟಿಯಾಗಿ, ರೋಗ ತಗುಲದಂತೆ ಉಳಿಸಿಕೊಳ್ಳುವ ಕ್ರಮ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇದು ಪುಸ್ತಕದ ವಿಷಯವಷ್ಟೇ ಅಲ್ಲ. ಜಾತ್ರೆಗಳಲ್ಲಿ ನಡೆಯುವ ಗಾಡಿ ಶರ್ಯತ್ತಿಗಾಗಿ ಇಲ್ಲಿ ಕುದುರೆ ಸಾಕುವವರಿದ್ದಾರೆ. ಕುರಿಹಿಂಡಿನೊಡನೆ ತಿರುಗುವ ಕುರುಬರು ಹಾಸಿಗೆ, ಪಾತ್ರೆಪಡಗ, ಎಳೆಮರಿಗಳನ್ನು ಹೊರಿಸಲು ತಟ್ಟು ಕುದುರೆಗಳನ್ನು ಇಟ್ಟುಕೊಳ್ಳುತ್ತಾರೆ. ಗಡಿಯಾಚೆ ಮಹಾರಾಷ್ಟ್ರದ ಧನಗರರು ಇದೇ ಕೆಲಸಕ್ಕೆ ಸಾಕಿಕೊಂಡು ಬಂದ ಭೀಮಥಡಿ ಕುದುರೆಗೆ ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ಪ್ರತ್ಯೇಕ ತಳಿಯೆಂಬ ಮಾನ್ಯತೆ ನೀಡಿದೆ. ಮಳೆಗಾಲ ಬಂತೆಂದರೆ ಗೊರಸು ಕೆಡುವುದು ಸಹಜ ಎಂಬ ಮಾತು ರೂಢಿಯಲ್ಲಿದೆ. ಸಿಕ್ಕಿರುವ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ಗೊರಸು ಕೆಡುವುದು ಬೀಳುವ ಮಳೆಯಿಂದಲ್ಲ, ಕುದುರೆ ಗಂಟೆಗಟ್ಟಲೆ ನಿಲ್ಲುವ ಜಾಗದಿಂದ.

ಈ ಸೀಮೆಯ ನೆಲ ಮತ್ತು ನೀರಿನ ಸ್ವಭಾವವೇ ಇದಕ್ಕೆ ಮೊದಲ ಸಾಕ್ಷಿ. ಸಹ್ಯಾದ್ರಿಗೆ ಹತ್ತಿರವಿರುವ ನಿಪ್ಪಾಣಿಯಿಂದ ಪೂರ್ವದ ಅಥಣಿಯ ಕಡೆ ಸಾಗಿದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಆದರೆ ಗೊರಸಿನ ತೊಂದರೆ ಅದೇ ಲೆಕ್ಕದಲ್ಲಿ ಕಡಿಮೆಯಾಗಬೇಕೆಂದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಘಟ್ಟದ ಮಳೆಯನ್ನು ಹೊತ್ತು ಬರುವುದರಿಂದ ಊರಿನಲ್ಲಿ ಹನಿ ಬೀಳದ ದಿನವೂ ಹೊಳೆಸಾಲಿನ ಹೊಲಗಳು ಮುಳುಗುತ್ತವೆ. 2005, 2019 ಮತ್ತು 2021ರ ನೆರೆಗಳಲ್ಲಿ ಆದದ್ದು ಇದೇ. ಕಬ್ಬಿನ ನೀರಾವರಿ ಬೇಸಿಗೆಯಲ್ಲೂ ನೆಲವನ್ನು ಹಸಿಯಾಗಿಡುತ್ತದೆ. ಎರೆಮಣ್ಣು ನೀರು ಕುಡಿದರೆ ಅಂಟಾಗಿ ಗೊರಸಿನ ತಳಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಿನಂತಾಗಿ ಬಿರಿಯುತ್ತದೆ. ಹೀಗಾಗಿ ಇಲ್ಲಿಯ ಕುದುರೆಗೆ ಎದುರಾಗುವುದು ಹಸಿ ಮಾತ್ರವಲ್ಲ, ಹಸಿ ಮತ್ತು ಒಣ ನೆಲದ ನಡುವಿನ ತೀವ್ರ ಏರುಪೇರು. ಮಳೆಗಾಲದಲ್ಲಿ ಮಳೆ ಕಡಿಮೆಯಿರುವ ಪೂರ್ವದ ಕಡೆ ಹಿಂಡು ಹೊಡೆದುಕೊಂಡು ಹೋಗುವ ಕುರುಬರ ವಾಡಿಕೆಯ ಹಿಂದೆಯೂ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತದೆಂಬ ತಿಳಿವಳಿಕೆ ಇದೆ.

ಎರಡನೆಯ ಸಾಕ್ಷಿ ಗೊರಸಿನ ರಚನೆಯಲ್ಲಿದೆ. ಅದರ ಹೊರಗೋಡೆ ನಮ್ಮ ಉಗುರಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದು ತಿಂಗಳಿಗೆ 6ರಿಂದ 10 ಮಿ.ಮೀ. ಬೆಳೆಯುತ್ತದೆ, ಮುಂಭಾಗ ಪೂರ್ತಿ ಹೊಸದಾಗಲು ಒಂದು ವರ್ಷದ ಹತ್ತಿರ ಬೇಕು. ಗೋಡೆ ಮತ್ತು ಅಂಗಾಲು ಕೂಡುವಲ್ಲಿ ಬಿಳಿ ಗೆರೆ ಇರುತ್ತದೆ. ಅಂಗಾಲಿನ ಹಿಂಭಾಗದಲ್ಲಿ ಫ್ರಾಗ್ ಎಂದು ಕರೆಯುವ ಮೆತ್ತನೆಯ ತ್ರಿಕೋನವಿರುತ್ತದೆ. ಈ ಭಾಗಗಳಲ್ಲಿ ನೀರಿನಂಶ ಒಂದೇ ಸಮನಾಗಿಲ್ಲ: ಗೋಡೆಯಲ್ಲಿ ಕಡಿಮೆ, ಅಂಗಾಲಿನಲ್ಲಿ ಹೆಚ್ಚು, ಫ್ರಾಗ್‌ನಲ್ಲಿ ಇನ್ನೂ ಹೆಚ್ಚು. ಆಸ್ಟ್ರೇಲಿಯದಲ್ಲಿ ಬ್ರಯನ್ ಹ್ಯಾಂಪ್ಸನ್, ಕ್ರಿಸ್ಟೋಫರ್ ಪೊಲಿಟ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೌಗುನೆಲ, ಅರೆಬರೆ ಮುಳುಗುವ ನೆಲ, ಒಣ ಮರುಭೂಮಿ ಹೀಗೆ ಮೂರು ಕಡೆಯ ಕಾಡುಕುದುರೆಗಳ ಗೊರಸುಗೋಡೆಯನ್ನು ಪರೀಕ್ಷಿಸಿದರು. ಮೂರರಲ್ಲೂ ತೇವಾಂಶ ಶೇ. 29.5ರ ಆಸುಪಾಸಿನಲ್ಲೇ ಇತ್ತು. ಹೊರಗಿನ ನೀರನ್ನು ತಡೆದುಕೊಳ್ಳುವ ಶಕ್ತಿ ಗೋಡೆಗೆ ಹುಟ್ಟಿನಿಂದಲೇ ಇದೆಯೆಂಬುದು ಇದರ ತಾತ್ಪರ್ಯ.

ಹಾಗಾದರೆ ಕೆಸರಿಗೆ ಹೆದರಬೇಕಿಲ್ಲವೇ ಎಂದು ಕೇಳಬಹುದು. ಆ ಅಧ್ಯಯನದಿಂದ ಅಂಥ ತೀರ್ಮಾನ ಹೊರಡುವುದಿಲ್ಲ. ಗೋಡೆಗೆ ಇರುವ ತಡೆಶಕ್ತಿ ಅಂಗಾಲು ಮತ್ತು ಫ್ರಾಗ್‌ಗೆ ಅಷ್ಟರ ಮಟ್ಟಿಗೆ ಇಲ್ಲ. ನೀರಿನಲ್ಲಿ ನೆನೆದರೆ ಅವು ಮೆತ್ತಗಾಗುತ್ತವೆ, ಹರಳು ಚುಚ್ಚಿದರೂ ಕುದುರೆ ಮುಗ್ಗರಿಸುತ್ತದೆ. ಜೊತೆಗೆ ಕಾಡುಕುದುರೆ ದಿನವಿಡೀ ನಡೆಯುತ್ತದೆ, ತಾನು ಹಾಕಿದ ಲದ್ದಿಯ ಮೇಲೆ ನಿಲ್ಲುವುದಿಲ್ಲ. ಗೂಟಕ್ಕೆ ಕಟ್ಟಿದ ಕುದುರೆಯ ಪಾಡು ಬೇರೆ. ಲದ್ದಿ, ಗಂಜಲ, ಮಣ್ಣು ಕಲಸಿದ ರಾಡಿ ಫ್ರಾಗ್‌ನ ಸೀಳುಗಳಲ್ಲಿ ಗಟ್ಟಿಯಾಗಿ ಕೂತಾಗ ಗಾಳಿಯಾಡದ ಆ ಜಾಗದಲ್ಲಿ ಫ್ಯೂಸೋಬ್ಯಾಕ್ಟೀರಿಯಂನಂಥ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಇದೇ ಥ್ರಶ್ ರೋಗ. ಕಾಲೆತ್ತಿ ನೋಡಿದರೆ ಆರೋಗ್ಯವಂತ ಫ್ರಾಗ್‌ನ ನಡುಸೀಳು ಹೆಬ್ಬೆರಳು ಒರಗುವಷ್ಟು ಅಗಲವಾದ ತಗ್ಗಿನಂತೆ ಕಾಣುತ್ತದೆ. ರೋಗ ತಗುಲಿದಾಗ ಅದು ಹಿಮ್ಮಡಿಯ ನಡುವಿನವರೆಗೆ ಹೋಗುವ ಕಿರಿದಾದ, ಆಳವಾದ ಬಿರುಕಾಗುತ್ತದೆ. ಹತ್ತಿಯ ಎಳೆ ಹಾಕಿ ತೆಗೆದರೆ ಕಪ್ಪು ಲೋಳೆ ಅಂಟಿ ಬರುತ್ತದೆ, ಕೊಳೆತ ವಾಸನೆ ಮೂಗಿಗೆ ಹೊಡೆಯುತ್ತದೆ, ಕುದುರೆ ಕಾಲು ಎಳೆದುಕೊಳ್ಳುತ್ತದೆ. ಹಿಮ್ಮಡಿ ನೋಯುವುದರಿಂದ ಅದು ಗೊರಸಿನ ತುದಿ ಊರಿ ನಡೆಯತೊಡಗುತ್ತದೆ. ಬಿಳಿ ಗೆರೆ ಸಡಿಲಾಗಿ ಕೊಳೆ ಒಳಹೊಕ್ಕರೆ ಕೀವು ಕಟ್ಟುತ್ತದೆ. ನಿನ್ನೆ ಸರಿಯಾಗಿದ್ದ ಕುದುರೆ ಇಂದು ಒಂದು ಕಾಲನ್ನು ನೆಲಕ್ಕೆ ತಾಗಿಸದಂತಾಗುತ್ತದೆ.

ಪರಿಹಾರವೂ ನೆಲದಿಂದಲೇ ಆರಂಭವಾಗಬೇಕು. ಲಾಳದ ಬಳಕೆ ಇಲ್ಲದ ಕಾಲದಲ್ಲಿ, ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್, ತೇವವಾದ ನುಣುಪು ನೆಲ ಒಳ್ಳೆಯ ಗೊರಸನ್ನೂ ಕೆಡಿಸುತ್ತದೆಂದು ಎಚ್ಚರಿಸಿದ್ದ. ಲಾಯದ ಹೊರಗೆ ಮುಷ್ಟಿಗಾತ್ರದ ಗುಂಡುಕಲ್ಲುಗಳನ್ನು ನಾಲ್ಕೈದು ಬಂಡಿಯಷ್ಟು ಹರಡಿ ಅದರ ಮೇಲೆ ಕುದುರೆಯನ್ನು ನಿಲ್ಲಿಸಬೇಕೆಂದು ಹೇಳಿದ್ದ. ಈ ಸೀಮೆಯಲ್ಲಿ ಅದೇ ಕೆಲಸಕ್ಕೆ ಗರಸು, ಎಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ಸಾಕು. ಎರೆಮಣ್ಣನ್ನು ಸ್ವಲ್ಪ ಅಗೆದು ತೆಗೆದು, ಒಂದು ಬದಿಗೆ ಇಳಿಜಾರು ಕೊಟ್ಟು, 4 ಮೀಟರ್ ಉದ್ದಗಲದ ಕಟ್ಟೆಗೆ 15 ಸೆಂ.ಮೀ. ದಪ್ಪ ಗರಸು ಹಾಕಲು 2.4 ಘನಮೀಟರ್, ಎಂದರೆ ಗರಸು ಮಾರುವ ಅಳತೆಯಾದ ಒಂದು ಬ್ರಾಸಿಗಿಂತ ಕಡಿಮೆ ಬೇಕಾಗುತ್ತದೆ. ಬಡ ಸಾಕಣೆದಾರನಿಗೆ ಇದು ಎಟುಕದು ಎಂಬ ಆಕ್ಷೇಪಕ್ಕೆ ಈ ಲೆಕ್ಕವೇ ಉತ್ತರ: ಇಡೀ ಅಂಗಳ ಒಣಗಿಸಬೇಕಿಲ್ಲ, ದಿನದ ಕೆಲವು ಗಂಟೆ ನಾಲ್ಕು ಕಾಲು ಊರುವಷ್ಟು ಜಾಗ ಒಣಗಿದ್ದರೆ ಸಾಕು. ರಾತ್ರಿಗೆ ಕಬ್ಬಿನ ಒಣ ರವದಿ ಹಾಸಬಹುದು. ನೆನೆದದ್ದನ್ನು ದಿನವೂ ತೆಗೆಯದಿದ್ದರೆ ಅದೇ ಕೊಳೆಯ ಗೂಡಾಗುತ್ತದೆ.

ನೆಲದ ನಂತರದ್ದು ದಿನದ ಆರೈಕೆ. ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ರಾಡಿ ತೆಗೆದು, ಬ್ರಷ್‌ನಿಂದ ಉಜ್ಜಿ, ಸೀಳು ಒಣಗಲು ಬಿಡಬೇಕು. 4ರಿಂದ 6 ವಾರಕ್ಕೊಮ್ಮೆ ಅರದಿಂದ ಗೋಡೆಯ ಅಂಚನ್ನು ಉಜ್ಜಿ ದುಂಡಾಗಿಸಬೇಕು. ಬೆಳೆದು ಹೊರಚಾಚಿದ ಗೋಡೆ ಪ್ರತಿ ಹೆಜ್ಜೆಗೂ ಬಿಳಿ ಗೆರೆಯನ್ನು ಎಳೆದು ಅಗಲಿಸುತ್ತದೆ. ಆದರೆ ಹಸಿಗಾಲದಲ್ಲಿ ಅಂಗಾಲನ್ನು ಕೆತ್ತಬಾರದು. ಮೆತ್ತಗಾದ ತಳಕ್ಕೆ ಉಳಿದ ರಕ್ಷಣೆ ಅದರ ದಪ್ಪವೊಂದೇ. ಎಣ್ಣೆ ಅಥವಾ ಗ್ರೀಸ್ ಬಳಿದರೆ ನೀರು ಒಳಗೆ ಹೋಗದೆಂಬ ನಂಬಿಕೆಗೆ ಆಧಾರ ಕಡಿಮೆ. ಕೊಳೆ ಇರುವಾಗ ಬಳಿದರೆ ಅದನ್ನು ಒಳಗೇ ಮುಚ್ಚಿಟ್ಟಂತೆ. ಥ್ರಶ್‌ಗೆ ಪಶುವೈದ್ಯರ ಸಲಹೆಯಂತೆ ತೆಳು ಅಯೋಡಿನ್ ಅಥವಾ ಮೈಲುತುತ್ತದ ದ್ರಾವಣ ಬಳಸಬಹುದು. ತೀಕ್ಷ್ಣವಾದರೆ ಅವೇ ಜೀವಂತ ಅಂಗಾಂಶವನ್ನು ಸುಡುತ್ತವೆ. ಮೇವಿನ ಮಾತೂ ಇದೆ: ಬೆಲ್ಲ, ಗೋವಿನಜೋಳ ಅತಿಯಾದರೆ ಗೊರಸಿನೊಳಗೆ ಉರಿಯೂತವಾಗಿ ಗೋಡೆಯ ಹಿಡಿತ ಸಡಿಲವಾಗುತ್ತದೆ, ಅಂಥ ಗೊರಸನ್ನು ಕೆಸರು ಬೇಗ ಕೆಡಿಸುತ್ತದೆ. ಲಿಪಿಝಾನ್ ತಳಿಯ ಕುದುರೆಗಳಿಗೆ ದಿನಕ್ಕೆ 20 ಮಿ.ಗ್ರಾಂ. ಬಯೋಟಿನ್ ಎಂಬ ವಿಟಮಿನ್ ಕೊಟ್ಟ ಪ್ರಯೋಗದಲ್ಲಿ ಗೊರಸು ಸುಧಾರಿಸಿತು, ಆದರೆ ತಿಂಗಳುಗಟ್ಟಲೆ ಕಾದ ಮೇಲೆ. ಮಳೆಗಾಲಕ್ಕೆ ಬೇಕಾದ ಗೊರಸನ್ನು ಹಿಂದಿನ ಚಳಿಗಾಲದಿಂದಲೇ ಬೆಳೆಸಬೇಕೆಂದು ಇದರಿಂದ ತಿಳಿಯುತ್ತದೆ.

ಲಾಳ ಹೊಡೆಸಿದರೆ ಈ ತಾಪತ್ರಯವೇ ಇರದು ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಡಾಂಬರು ರಸ್ತೆಯಲ್ಲಿ ದಿನವೂ ಗಾಡಿ ಎಳೆಯುವ ಕುದುರೆಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಅದಕ್ಕೆ ಲಾಳ ಬೇಕೆಂಬುದನ್ನು ಒಪ್ಪಬೇಕು. ಆದರೆ ಲಾಳ ತಡೆಯುವುದು ಸವೆತವನ್ನು, ಕೊಳೆತವನ್ನಲ್ಲ. ಫ್ರಾಗ್ ತೆರೆದೇ ಇರುತ್ತದೆ. ಲಾಳದ ಅಂಚಿನೊಳಗೆ ರಾಡಿ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಮೊಳೆಯ ತೂತುಗಳು ಕೊಳೆಗೆ ದಾರಿಯಾಗುತ್ತವೆ. ಅಂಟುವ ಎರೆಯಲ್ಲಿ ಲಾಳ ಕಿತ್ತು ಬಂದರೆ ಗೋಡೆಯ ತುಂಡೂ ಜೊತೆಗೆ ಬರುತ್ತದೆ. ಲಾಳವಿದ್ದರೂ ಇಲ್ಲದಿದ್ದರೂ ಒಣ ಜಾಗ ಮತ್ತು ದಿನದ ಶುಚಿ ತಪ್ಪುವುದಿಲ್ಲ.

ನೆರೆ ಮಾತ್ರ ಈ ನಿಯಮಕ್ಕೆ ಹೊರತು. ದಿನಗಟ್ಟಲೆ ನೀರಿನಲ್ಲಿ ನಿಂತ ಕುದುರೆಯನ್ನು ಕಟ್ಟೆ ಕಾಪಾಡಲಾರದು. ಹೊಳೆ ಏರುವ ಮೊದಲೇ ಎತ್ತರದ ಗರಸುನೆಲಕ್ಕೆ ಸಾಗಿಸಬೇಕು. ನೀರು ಇಳಿದ ಮೇಲೆ ಹೂಳಿನಲ್ಲಿ ಮೊಳೆ, ಗಾಜು, ಮುಳ್ಳುತಂತಿ ಹುದುಗಿರುತ್ತವೆ. ನೆನೆದ ಅಂಗಾಲಿಗೆ ಅವು ಸುಲಭವಾಗಿ ನಾಟುತ್ತವೆ. ಅಂಥ ಗಾಯದಿಂದ ಬರುವ ಧನುರ್ವಾಯುವಿಗೆ ಸಾಕುಪ್ರಾಣಿಗಳಲ್ಲಿ ಅತಿ ಬೇಗ ತುತ್ತಾಗುವುದು ಕುದುರೆ. ಆದ್ದರಿಂದ ಹೊಳೆಸಾಲಿನ ಊರುಗಳಲ್ಲಿ ಕುದುರೆ ಸಾಕುವವರು ಮುಂಗಾರಿಗೆ ಮುಂಚೆ ಗರಸಿನ ಕಟ್ಟೆಯನ್ನೂ ಧನುರ್ವಾಯು ಲಸಿಕೆಯನ್ನೂ ಮುಗಿಸಿಕೊಂಡಿರಬೇಕು.