ಕ್ಯಾಡ್ ಕಲಿಯುವವರಿಗೆ: ಗೆರೆ ನಿಮ್ಮದು, ಫೈಲು ಯಾರದು?

ಮನೆಯ ಪ್ಲ್ಯಾನು, ಚರಂಡಿಯ ಅಡ್ಡಸೀಳು, ಬಸ್ ನಿಲ್ದಾಣದ ಛಾವಣಿ, ಮೆಟ್ರೊ ಕಂಬ, ಕಾರ್ಖಾನೆಯ ನಟ್ಟು-ಬೋಲ್ಟು. ಇವತ್ತು ಇವೆಲ್ಲ ಮೊದಲು ಹುಟ್ಟೋದು ಕ್ಯಾಡ್ ತಂತ್ರಾಂಶದೊಳಗೆ. ಕ್ಯಾಡ್ ಅಂದರೆ ಕಂಪ್ಯೂಟರ್ ನೆರವಿನಿಂದ ನಕ್ಷೆ ಬರೆಯುವುದು, ಅಷ್ಟೇ. ನಾನೂ ಇದರಿಂದಲೇ ಅನ್ನ ತಿನ್ನುವವನು. ಸಿವಿಲ್ ನಕ್ಷೆ ಬರೆಯುತ್ತೇನೆ, ಬಿಡುವಿದ್ದಾಗ ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ ಹೇಳಿಕೊಡುತ್ತೇನೆ. ತರಬೇತಿ ಕೇಂದ್ರಗಳಲ್ಲಿ ಕಮಾಂಡುಗಳನ್ನು ಚೆನ್ನಾಗಿ ಕಲಿಸುತ್ತಾರೆ. ಆದರೆ ಈ ಸಲಕರಣೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹೇಳೋದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಚರಿತ್ರೆ ಎರಡು ಸಾಲಿನಲ್ಲಿ ಸಾಕು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಬರೆದು, ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದ. ಸಾಮಾನ್ಯರ ಮೇಜಿನ ಕಂಪ್ಯೂಟರಿಗೆ ಈ ಕೆಲಸವನ್ನು ಇಳಿಸಿದ್ದು 1982ರಲ್ಲಿ ಬಂದ ಆಟೊಡೆಸ್ಕ್ ಕಂಪನಿಯ ಆಟೊಕ್ಯಾಡ್. ಅಲ್ಲಿಂದ ಮುಂದೆ ನಮ್ಮ ಕಡೆ ಕ್ಯಾಡ್ ಅಂದರೆ ಆಟೊಕ್ಯಾಡ್ ಅನ್ನುವ ಹಾಗೆ ಆಗಿಬಿಟ್ಟಿದೆ, ಫೋಟೊಕಾಪಿಗೆ ಜೆರಾಕ್ಸ್ ಅಂದ ಹಾಗೆ.

ಈಗ ಕೆಲಸದ ವಿಷಯ. ಕಾಗದದ ಮೇಲೆ ಬರೆದವರು ಮೊದಲು ಬಿಡಬೇಕಾದ ಅಭ್ಯಾಸ ಸ್ಕೇಲು. ಕ್ಯಾಡ್‌ನಲ್ಲಿ ವಸ್ತುವನ್ನು ಯಾವಾಗಲೂ ಅದರ ನಿಜ ಅಳತೆಯಲ್ಲೇ ಬರೆಯಬೇಕು. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟು ಅಂದರೆ ಮಿಲಿಮೀಟರಿನಲ್ಲಿ 9144 ಮತ್ತು 12192. ಅಷ್ಟನ್ನೇ ಟೈಪ್ ಮಾಡಿ. ಅದನ್ನು ಕುಗ್ಗಿಸಿ ಕಾಗದಕ್ಕೆ ಕೂರಿಸುವುದು ಲೇಔಟ್ ಪುಟದ ಕೆಲಸ. ಅಲ್ಲಿ ಒಂದು ಕಿಟಕಿ ತೆರೆದು 1:100 ಅಂತ ಕೊಟ್ಟರೆ ಸೈಟಿನ ಉದ್ದ ಸುಮಾರು 122 ಮಿಲಿಮೀಟರಿಗೆ ಇಳಿದು ಎ3 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ.

ನಮ್ಮ ನೆಲದ ಇನ್ನೊಂದು ತಲೆನೋವು ಏಕಮಾನ. ಮನೆ ಕಟ್ಟಿಸುವವರು ಮಾತಾಡುವುದು ಅಡಿ-ಇಂಚಿನಲ್ಲಿ, ಸರ್ಕಾರದ ನಿಯಮ ಇರುವುದು ಮೀಟರಿನಲ್ಲಿ, ಕಬ್ಬಿಣದ ಸರಳು ಮಿಲಿಮೀಟರಿನಲ್ಲಿ. ಫೈಲು ತೆರೆದ ಕೂಡಲೇ ಯೂನಿಟ್ಸ್ ಕಮಾಂಡ್ ಕೊಟ್ಟು ಏಕಮಾನ ಗೊತ್ತುಮಾಡಿಕೊಳ್ಳಿ. ಬೇರೆಯವರ ಫೈಲಿನಿಂದ ತಂದ ಬಾಗಿಲು ಗೋಡೆಗಿಂತ ದೊಡ್ಡದಾಗಿ ಬಂತಾ? 25.4 ಪಟ್ಟು ವ್ಯತ್ಯಾಸ ಇದ್ದರೆ ಇಂಚು-ಮಿಲಿಮೀಟರ್ ಜಗಳ ಅಂತ ತಿಳಿಯಿರಿ.

ವೇಗ ಬರೋದು ಎಡಗೈಯಿಂದ. ಬಲಗೈ ಮೌಸಿನ ಮೇಲೆ, ಎಡಗೈ ಕೀಬೋರ್ಡಿನ ಮೇಲೆ. ಗೆರೆಗೆ ಎಲ್, ವೃತ್ತಕ್ಕೆ ಸಿ, ಸಮಾನಾಂತರ ಗೆರೆಗೆ ಓ, ಕತ್ತರಿಸೋಕೆ ಟಿಆರ್. ಗೋಡೆ ಬರೆಯಲು ಒಂದು ಗೆರೆ ಎಳೆದು 230 ಮಿಲಿಮೀಟರ್ ಆಫ್‌ಸೆಟ್ ಮಾಡಿದರೆ ಒಂಬತ್ತಿಂಚಿನ ಗೋಡೆ ರೆಡಿ. ಎಫ್ 8 ಒತ್ತಿದರೆ ಗೆರೆ ನೇರ, ಎಫ್ 3 ಒತ್ತಿದರೆ ಕರ್ಸರ್ ಮೂಲೆಗೆ ತಾನಾಗಿ ಅಂಟುತ್ತದೆ. ಈ ಸ್ನ್ಯಾಪ್ ಇಲ್ಲದೆ ಕಣ್ಣಂದಾಜಿನಲ್ಲಿ ಕೂಡಿಸಿದ ಮೂಲೆ ಪರದೆಯಲ್ಲಿ ಕೂಡಿದಂತೆ ಕಂಡರೂ ಕೂಡಿರುವುದಿಲ್ಲ. ದೊಡ್ಡದು ಮಾಡಿ ನೋಡಿದರೆ ಅಲ್ಲಿ ಸಣ್ಣ ಬಿರುಕು ಇರುತ್ತದೆ.

ಆ ಬಿರುಕಿಗೆ ನಿಜವಾದ ಬೆಲೆ ಇದೆ. ಕಟ್ಟಡ ನಕ್ಷೆಗಳ ಅನುಮೋದನೆಗೆ ಈಗ ಹಲವು ನಗರಗಳಲ್ಲಿ ಕಂಪ್ಯೂಟರೇ ಫೈಲನ್ನು ಓದಿ ಸೆಟ್‌ಬ್ಯಾಕು, ಎತ್ತರ, ವಿಸ್ತೀರ್ಣ ಲೆಕ್ಕ ಹಾಕುತ್ತದೆ. ಅದಕ್ಕೆ ನಿಮ್ಮ ಚಿತ್ರದ ಅಂದ ಕಾಣೋದಿಲ್ಲ, ಕಾಣೋದು ಲೇಯರಿನ ಹೆಸರು ಮತ್ತು ಮುಚ್ಚಿದ ಪಾಲಿಲೈನು. ಸೈಟಿನ ಗಡಿ ಅದಕ್ಕೆಂದೇ ಗೊತ್ತುಮಾಡಿದ ಲೇಯರಿನಲ್ಲಿ ಇಲ್ಲದಿದ್ದರೆ, ಅಥವಾ ಪಾಲಿಲೈನು ಮುಚ್ಚಿಲ್ಲದಿದ್ದರೆ, ಅದರ ಪಾಲಿಗೆ ಸೈಟೇ ಇಲ್ಲ. ಲೇಯರನ್ನು ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳು ಅಂತ ವಿವರಿಸುವುದು ರೂಢಿ. ನನಗನ್ನಿಸುವಂತೆ ಅದು ಹಾಳೆಗಿಂತ ಹೆಚ್ಚಾಗಿ ಜಾತಿ ಪ್ರಮಾಣಪತ್ರದ ಥರ. ಗೆರೆ ಏನು ಅನ್ನೋದನ್ನು ಕಚೇರಿ ನಂಬುವುದು ಅದರ ಲೇಬಲ್ಲಿನಿಂದ ಮಾತ್ರ.

ಕನ್ನಡದ ಪಾಡು ಇಲ್ಲಿ ಬೇರೆಯೇ. ಕ್ಯಾಡ್‌ನ ಹಳೆಯ ಗೆರೆ-ಅಕ್ಷರ ಫಾಂಟುಗಳಲ್ಲಿ ಕನ್ನಡ ಇಲ್ಲ. ಆಟೊಕ್ಯಾಡ್‌ನಲ್ಲಿ ಟೆಕ್ಸ್ಟ್ ಸ್ಟೈಲಿಗೆ ಹೋಗಿ ತುಂಗ ಅಥವಾ ನಿರ್ಮಲಾದಂಥ ಯುನಿಕೋಡ್ ಫಾಂಟ್ ಆರಿಸಬೇಕು. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ 'ಅಡುಗೆಮನೆ' ಅಂತ ಬರೆದ ಫೈಲು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದಲೇ ಗಾರೆ ಕೆಲಸದವರು ಕೈಯಲ್ಲಿ ಹಿಡಿದು ಓದಬೇಕಾದ ಹಾಳೆಯಲ್ಲಿ ಕಿಚನ್, ಟಾಯ್ಲೆಟ್ ಎಂಬ ಇಂಗ್ಲಿಷೇ ಉಳಿದುಬಿಟ್ಟಿದೆ. ಇದು ತಂತ್ರಜ್ಞಾನದ ಮಿತಿಗಿಂತ ಹೆಚ್ಚಾಗಿ ಕೇಳುವವರಿಲ್ಲದ ಸಮಸ್ಯೆ.

ಇನ್ನು ಬೀಗದ ವಿಷಯ. ಆಟೊಕ್ಯಾಡ್ ಉಳಿಸುವ ಫೈಲಿನ ರೂಪ ಡಿಡಬ್ಲ್ಯುಜಿ. ಅದರ ಒಳರಚನೆಯನ್ನು ಕಂಪನಿ ಪೂರ್ತಿ ಬಿಚ್ಚಿಟ್ಟಿಲ್ಲ. ಬೇರೆ ತಂತ್ರಾಂಶಗಳವರು ಸೇರಿ 1998ರಲ್ಲಿ ಕಟ್ಟಿಕೊಂಡ ಒಕ್ಕೂಟವೇ ಇವತ್ತಿನ ಓಪನ್ ಡಿಸೈನ್ ಅಲಯನ್ಸ್. ಫೈಲುಗಳನ್ನು ಬಗೆದು ನೋಡಿ ಒಳರಚನೆ ಕಂಡುಹಿಡಿಯುವುದು ಅವರ ದಾರಿ. 2006ರಲ್ಲಿ ಆಟೊಡೆಸ್ಕ್ ಅವರ ಮೇಲೆ ದಾವೆಯನ್ನೂ ಹೂಡಿತ್ತು, ಮರುವರ್ಷ ರಾಜಿಯಾಯಿತು. 2016ರಿಂದ ಕಂಪನಿ ಶಾಶ್ವತ ಪರವಾನಗಿ ಮಾರುವುದನ್ನೇ ನಿಲ್ಲಿಸಿ ಬಾಡಿಗೆ ಪದ್ಧತಿಗೆ ಬಂತು. ಬಾಡಿಗೆ ನಿಂತ ದಿನ ತಂತ್ರಾಂಶ ನಿಲ್ಲುತ್ತದೆ. ನೀವೇ ಬರೆದ ನಕ್ಷೆಯನ್ನು ತಿದ್ದಲು ಮತ್ತೆ ಹಣ ಕಟ್ಟಬೇಕು.

ವಿದ್ಯಾರ್ಥಿಗಳಿಗೆ ಉಚಿತ ಅಂತಾರಲ್ಲ? ಹೌದು, ಕಲಿಯಲು ಮಾತ್ರ. ದುಡಿಮೆಗೆ ಬಳಸುವ ಹಾಗಿಲ್ಲ. ಓದುವಾಗ ಉಚಿತವಾಗಿ ಕೈಗೆ ಕೊಟ್ಟ ಅಭ್ಯಾಸಕ್ಕೆ ಕೆಲಸಕ್ಕೆ ಸೇರಿದ ಮೇಲೆ ಬಾಡಿಗೆ ಶುರುವಾಗುತ್ತದೆ. ಅದನ್ನು ಕಟ್ಟಲಾಗದ ಸಣ್ಣ ಕಚೇರಿಗಳು ಕ್ರ್ಯಾಕ್ ಪ್ರತಿ ಹಾಕಿಕೊಳ್ಳುತ್ತವೆ ಅನ್ನೋದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಕೇಸು ಬಿದ್ದರೆ ಮಾಲೀಕನ ತಲೆಬಿಸಿ, ಆದರೆ ವೈರಸ್ ಬಂದರೆ ಹೋಗೋದು ಡ್ರಾಫ್ಟ್ಸ್‌ಮನ್‌ನ ವಾರಗಟ್ಟಲೆಯ ಕೆಲಸ. 2012ರಲ್ಲಿ ಇಸೆಟ್ ಸಂಸ್ಥೆ ಪತ್ತೆ ಹಚ್ಚಿದ ಮೆಡ್ರೆ ಎಂಬ ಹುಳು ಆಟೊಕ್ಯಾಡ್‌ನ ಒಳಭಾಷೆಯಾದ ಆಟೊಲಿಸ್ಪ್‌ನಲ್ಲೇ ಬರೆದದ್ದು. ಹೆಚ್ಚಾಗಿ ಪೆರು ದೇಶದಲ್ಲಿ ಹರಡಿ, ನಕ್ಷೆಗಳನ್ನು ಕದ್ದು ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು. ಗೊತ್ತಿಲ್ಲದ ಕಡೆಯಿಂದ ಬಂದ ಲಿಸ್ಪ್ ಫೈಲನ್ನು ಲೋಡ್ ಮಾಡಬೇಡಿ.

ಪರ್ಯಾಯ ಇದೆಯಾ? ಇದೆ, ಆದರೆ ಭಕ್ತಿಯಿಂದ ಹೊಗಳಲಾರೆ. ಎರಡು ಆಯಾಮದ ನಕ್ಷೆಗೆ ಲಿಬ್ರೆಕ್ಯಾಡ್ ಸಾಕು. ಹಗುರ, ಹಳೆಯ ಡೆಸ್ಕ್‌ಟಾಪಿನಲ್ಲೂ ಓಡುತ್ತದೆ. ಆದರೆ ಅದು ಡಿಡಬ್ಲ್ಯುಜಿಯಲ್ಲಿ ಉಳಿಸುವುದಿಲ್ಲ, ಅದರ ಗೆರೆ-ಅಕ್ಷರದ ಫಾಂಟುಗಳು ಕನ್ನಡಕ್ಕೆ ನೆರವಾಗುವುದಿಲ್ಲ. ಯಂತ್ರಭಾಗಗಳ ಮೂರು ಆಯಾಮದ ಮಾದರಿಗೆ ಫ್ರೀಕ್ಯಾಡ್ ಇದೆ. 2002ರಲ್ಲಿ ಶುರುವಾದ ಆ ಯೋಜನೆ 1.0 ಆವೃತ್ತಿ ಮುಟ್ಟಿದ್ದು 2024ರ ನವೆಂಬರಿನಲ್ಲಿ. ಇಪ್ಪತ್ತೆರಡು ವರ್ಷ! ಹಣಬಲವಿಲ್ಲದ ಕೆಲಸ ಎಷ್ಟು ನಿಧಾನ ಅಂತ ಇದರಲ್ಲೇ ಗೊತ್ತಾಗುತ್ತೆ. ಮೆಕ್ಯಾನಿಕಲ್ ಓದುವವರು ಈಗ ಅದನ್ನು ಗಂಭೀರವಾಗಿ ನೋಡಬಹುದು.

ಸೇತುವೆಯಾಗಿ ಇರುವುದು ಡಿಎಕ್ಸ್‌ಎಫ್ ಎಂಬ ಫೈಲು ರೂಪ. ಇದೂ ಆಟೊಡೆಸ್ಕ್‌ನದೇ, ಆದರೆ ಇದರ ವಿವರಣೆ ಪ್ರಕಟವಾಗಿದೆ, ಬಹುತೇಕ ಎಲ್ಲ ತಂತ್ರಾಂಶಗಳೂ ಓದುತ್ತವೆ. ಮುಖ್ಯವಾದ ಕೆಲಸ ಮುಗಿದಾಗ ಒಂದು ಡಿಎಕ್ಸ್‌ಎಫ್ ಪ್ರತಿ, ಒಂದು ಪಿಡಿಎಫ್ ಪ್ರತಿ ಎತ್ತಿಡುವುದು ನನ್ನ ರೂಢಿ.

ರಾಜಕೀಯ ಪ್ರಶ್ನೆ ಇರುವುದೂ ಇಲ್ಲೇ. ಇ-ಆಡಳಿತಕ್ಕೆ ಮುಕ್ತ ಮಾನಕಗಳು ಬೇಕು ಅಂತ ಕೇಂದ್ರ ಸರ್ಕಾರ 2010ರಲ್ಲಿ ನೀತಿ ಮಾಡಿತು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ 2015ರಲ್ಲಿ ಬಂತು. ಹಾಗಿದ್ದೂ ಸರ್ಕಾರಿ ಪೋರ್ಟಲ್ಲು, ಟೆಂಡರು ಅಥವಾ ಪಠ್ಯಕ್ರಮ ಒಂದೇ ಕಂಪನಿಯ ಫೈಲನ್ನು, ಒಂದೇ ಕಂಪನಿಯ ಹೆಸರನ್ನು ಕೇಳಿದರೆ, ಆ ಬಾಡಿಗೆಯನ್ನು ಕಡ್ಡಾಯ ಮಾಡುತ್ತಿರುವುದು ಕಂಪನಿಯಲ್ಲ, ಸರ್ಕಾರ. ಆಗೋದಿಲ್ಲ ಅನ್ನೋ ನೆಪವೂ ನಿಲ್ಲೋದಿಲ್ಲ. ಬೆಂಗಳೂರಿನದೇ ಇಗವ್ ಫೌಂಡೇಶನ್ ಕಟ್ಟಿದ ಡಿಜಿಟ್ ವೇದಿಕೆಯ ನಕ್ಷೆ ಪರಿಶೀಲನಾ ವ್ಯವಸ್ಥೆ ಓದುವುದು ಡಿಎಕ್ಸ್‌ಎಫ್ ಫೈಲನ್ನೇ, ಅದರ ಮೂಲ ಕೋಡೂ ಮುಕ್ತವಾಗಿದೆ. ನಿಮ್ಮೂರಿನ ಪಾಲಿಕೆ ಯಾವ ರೂಪದ ಫೈಲು ಕೇಳುತ್ತದೆ, ಯಾಕೆ ಕೇಳುತ್ತದೆ ಅಂತ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ.